ಇಂಗ್ಲೆಂಡಿನ ಫ್ಲ್ಯಾಟಿನ ಲೀಸ್ ಪತ್ರ ಕಳೆದುಹೋಗಿದೆಯಾ? ಇನ್ನೊಂದು ಪ್ರತಿ ತರಿಸಿಕೊಳ್ಳುವುದು ಹೀಗೆ

ನಾವು ರೆಡಿಂಗ್‌ನಲ್ಲಿ ಫ್ಲ್ಯಾಟ್ ಕೊಂಡ ಹೊಸತು. ಫೋನಿನಲ್ಲಿ ಅಮ್ಮನಿಗೆ ವಿಷಯ ಹೇಳುವಾಗ ‘ಇದು ಲೀಸ್ ಇರೋ ಫ್ಲ್ಯಾಟು’ ಅಂದುಬಿಟ್ಟೆ. ಅಮ್ಮ ಒಂದು ಗಳಿಗೆ ಸುಮ್ಮನಾದಳು. ಆಮೇಲೆ, ‘ಹೋಗ್ಲಿ ಬಿಡು, ಮೂರು ವರ್ಷ ಆದ್ಮೇಲೆ ಕೊಟ್ಟ ದುಡ್ಡು ಪೂರ್ತಿ ವಾಪಸ್ ಬರುತ್ತಲ್ಲ’ ಅಂತ ನನಗೇ ಸಮಾಧಾನ ಹೇಳಿದಳು.

ಅವಳ ತಪ್ಪೇನಿಲ್ಲ. ಬೆಂಗಳೂರು, ಮೈಸೂರಿನ ಕಡೆ ಮನೆ ಲೀಸಿಗೆ ಹಾಕಿಕೊಳ್ಳುವುದು ಅಂದರೆ ಓನರ್ ಕೈಗೆ ಒಂದೇ ಸಲ ಹತ್ತೋ ಹದಿನೈದೋ ಲಕ್ಷ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಆ ದುಡ್ಡು ವಾಪಸ್ ತೆಗೆದುಕೊಳ್ಳುವುದು. ಹಳಬರು ಭೋಗ್ಯ ಅನ್ನುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಫ್ಲ್ಯಾಟಿನ ಲೀಸ್ ಬೇರೆಯೇ ಜಾತಿಯದು. ನೆಲ, ಗೋಡೆ, ಚಾವಣಿ ಎಲ್ಲ ಫ್ರೀಹೋಲ್ಡರ್ ಅನ್ನುವವರದ್ದು. ನಾವು ಲಕ್ಷಗಟ್ಟಲೆ ಪೌಂಡ್ ಕೊಟ್ಟು ಕೊಂಡಿರುವುದು 99, 125 ಅಥವಾ 999 ವರ್ಷ ಆ ಫ್ಲ್ಯಾಟನ್ನು ಅನುಭವಿಸುವ ಹಕ್ಕು. ಅದನ್ನು ಮಾರಬಹುದು, ಅಡ ಇಡಬಹುದು, ಮಕ್ಕಳಿಗೆ ಬರೆದಿಡಬಹುದು. ಆ ಹಕ್ಕು ಎಷ್ಟು, ಎಲ್ಲಿಂದ ಎಲ್ಲಿಯವರೆಗೆ, ಏನು ಮಾಡಬಹುದು, ಏನು ಮಾಡಬಾರದು ಎಂದು ಬರೆದಿರುವ ಮೂವತ್ತು ನಲವತ್ತು ಪುಟದ ಪತ್ರವೇ ಲೀಸ್.

ಆ ಪತ್ರವನ್ನು ನಾನು ಕಳೆದುಕೊಂಡೆ. ಯಾವಾಗ, ಎಲ್ಲಿ ಅಂತ ಗೊತ್ತಿಲ್ಲ. ಬೇಕಾದ ದಿನ ಇರಲಿಲ್ಲ, ಅಷ್ಟೇ.

ನಮ್ಮ ಕಡೆಯಲ್ಲಿ ಬೆಳೆದವರಿಗೆ ಇಂಥ ಹೊತ್ತಿನಲ್ಲಿ ಎದೆ ಧಸಕ್ ಅನ್ನುತ್ತದೆ. ಊರಲ್ಲಿ ಮೂಲ ಕ್ರಯಪತ್ರ ಕಳೆದರೆ ಪೊಲೀಸ್ ಕಂಪ್ಲೇಂಟ್ ಕೊಡಬೇಕು, ಪೇಪರಿನಲ್ಲಿ ಜಾಹೀರಾತು ಹಾಕಬೇಕು, ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ದೃಢೀಕೃತ ನಕಲು ತರಬೇಕು. ಇಷ್ಟೆಲ್ಲ ಆದಮೇಲೂ ಬ್ಯಾಂಕಿನವರು ಮೂಗು ಮುರಿಯುತ್ತಾರೆ. ಅದಕ್ಕೇ ಬೀರುವಿನಲ್ಲಿ ಬಂಗಾರದ ಪಕ್ಕ ಪತ್ರ ಇಟ್ಟಿರುತ್ತಾರೆ. ಇಲ್ಲಿ ಹಾಗಿಲ್ಲ. ಮಾಲೀಕರು ಯಾರು ಅನ್ನುವುದಕ್ಕೆ ಸಾಕ್ಷಿ ನಿಮ್ಮ ಬೀರುವಿನ ಕಾಗದ ಅಲ್ಲ, ಆಸ್ತಿಗಳ ದಾಖಲೆ ಇಡುವ ಸರ್ಕಾರಿ ಕಚೇರಿಯಾದ ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿಯ ಕಂಪ್ಯೂಟರಿನಲ್ಲಿರುವ ದಾಖಲೆ. ಮೊದಲು ಲ್ಯಾಂಡ್ ಸರ್ಟಿಫಿಕೇಟ್ ಅಂತ ಒಂದು ಕಾಗದ ಕೊಡುತ್ತಿದ್ದರು. 2003ರ ಅಕ್ಟೋಬರ್ 13ರಂದು ಹೊಸ ಕಾಯ್ದೆ ಜಾರಿಗೆ ಬಂದ ಮೇಲೆ ಅದನ್ನೂ ನಿಲ್ಲಿಸಿದರು. ಹಾಗಾಗಿ ಲೀಸಿನ ಮೂಲ ಪ್ರತಿ ಕಳೆದರೆ ಮನೆ ಕಳೆದಂತಲ್ಲ. ಪೊಲೀಸು, ಪೇಪರು ಏನೂ ಬೇಡ.

ಆದರೂ ಲೀಸಿನ ಒಂದು ಓದುವಂಥ ಪ್ರತಿ ಕೈಯಲ್ಲಿ ಇರಲೇಬೇಕು. ಮಾರುವಾಗ ಕೇಳುತ್ತಾರೆ, ಲೀಸ್ ವಿಸ್ತರಿಸುವಾಗ ಕೇಳುತ್ತಾರೆ. ಗೋಡೆ ಒಡೆಯಬಹುದಾ, ಮರದ ನೆಲ ಹಾಕಿಸಬಹುದಾ, ನಾಯಿ ಸಾಕಬಹುದಾ, ಬಾಡಿಗೆಗೆ ಕೊಡಬಹುದಾ, ಕಟ್ಟಡದ ನಿರ್ವಹಣೆಗೆ ಕಟ್ಟುವ ಸರ್ವಿಸ್ ಚಾರ್ಜಿನಲ್ಲಿ ಇದನ್ನೆಲ್ಲ ಯಾಕೆ ಸೇರಿಸಿದ್ದಾರೆ, ಇಂಥ ಪ್ರತಿ ಪ್ರಶ್ನೆಗೂ ಉತ್ತರ ಆ ಪತ್ರದಲ್ಲೇ ಇರುವುದು.

ನನಗೆ ಬೇಕಾಗಿದ್ದು ಒಂದು ಕಿಟಕಿಯ ದೆಸೆಯಿಂದ. ಹಿಂದಿನ ಕೋಣೆಯ ಮರದ ಚೌಕಟ್ಟು ಕೊಳೆತು, ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು, ನೆನೆದ ರಸ್ಕಿನ ಹಾಗೆ. ಕಟ್ಟಡ ನೋಡಿಕೊಳ್ಳುವ ಮ್ಯಾನೇಜಿಂಗ್ ಏಜೆಂಟಿಗೆ ಬರೆದೆ. ‘ಲೀಸಿನ ಪ್ರಕಾರ ಕಿಟಕಿ ನಿಮ್ಮ ಜವಾಬ್ದಾರಿ’ ಅಂತ ಒಂದು ಸಾಲಿನ ಉತ್ತರ ಬಂತು. ಯಾವ ಕಲಮು ಅಂತ ಕೇಳಿದೆ. ‘ಲೀಸಿನ ಪ್ರತಿ ಬೇಕಿದ್ದರೆ 60 ಪೌಂಡ್, ಮೇಲೆ ವ್ಯಾಟ್’ ಅಂದರು. ನನ್ನ ಮನೆಯ ಕಾಗದ ನನಗೆ ತೋರಿಸಲು 72 ಪೌಂಡ್! ಅಲ್ಲಿಂದ ಶುರುವಾಯಿತು ನನ್ನ ಹುಡುಕಾಟ.

ದುಡ್ಡು ಕೊಡುವ ಮುಂಚೆ ಹಳೇ ಇಮೇಲ್ ತೆರೆಯಿರಿ

ಇದನ್ನು ನಾನು ಕೊನೆಗೆ ಮಾಡಿದೆ, ನೀವು ಮೊದಲು ಮಾಡಿ. ಮನೆ ಕೊಳ್ಳುವಾಗ ನಿಮ್ಮ ಪರವಾಗಿ ಕೆಲಸ ಮಾಡಿದ ಸಾಲಿಸಿಟರ್ ಅಥವಾ ಕನ್ವೇಯನ್ಸರ್ ಲೀಸಿನ ಪ್ರತಿಯನ್ನು ನಿಮಗೆ ಕಳಿಸಿಯೇ ಇರುತ್ತಾರೆ. ಆಗ ನಾವು ಸಾಲ, ಡೆಪಾಸಿಟ್, ಬೀಗದ ಕೈ ಅಂತ ಓಡಾಡುತ್ತಿರುತ್ತೇವೆ, 38 ಪುಟದ ಪಿಡಿಎಫ್ ಯಾರು ಓದುತ್ತಾರೆ? ಅವರ ಹೆಸರಿನಲ್ಲಿ ಇಮೇಲ್ ಹುಡುಕಿ. ಸಿಗಲಿಲ್ಲ ಅಂದರೆ ಆಫೀಸಿಗೇ ಒಂದು ಸಾಲು ಬರೆದು ಹಳೇ ಫೈಲ್ ಇದೆಯಾ ಕೇಳಿ. ಬಹಳಷ್ಟು ಕಡೆ ಕೆಲವು ವರ್ಷ ಫೈಲ್ ಇಟ್ಟುಕೊಂಡಿರುತ್ತಾರೆ. ಕೆಲವರು ಪುಕ್ಕಟೆ ಕಳಿಸುತ್ತಾರೆ, ಕೆಲವರು ಫೈಲ್ ತೆಗೆಯುವುದಕ್ಕೆ ಶುಲ್ಕ ಕೇಳುತ್ತಾರೆ. ಆ ಸಂಸ್ಥೆ ಮುಚ್ಚಿಹೋಗಿದ್ದರೆ ಫೈಲುಗಳು ಯಾರ ಕೈ ಸೇರಿವೆ ಎಂದು ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯನ್ನು ಕೇಳಬಹುದು.

ಸಾಲ ಕೊಟ್ಟ ಬ್ಯಾಂಕನ್ನೂ ಒಂದು ಮಾತು ಕೇಳಿ ನೋಡಿ, ಆದರೆ ಜಾಸ್ತಿ ಆಸೆ ಬೇಡ. ಊರಿನ ಬ್ಯಾಂಕಿನ ಹಾಗೆ ಪತ್ರಗಳ ಕಟ್ಟನ್ನು ಲಾಕರಿನಲ್ಲಿ ಇಟ್ಟುಕೊಳ್ಳುವ ರೂಢಿ ಇಲ್ಲಿ ಈಗ ಅಷ್ಟಾಗಿ ಇಲ್ಲ. ಹಳೆಯ ಸಾಲಗಳಲ್ಲಿ ಮಾತ್ರ ಒಮ್ಮೊಮ್ಮೆ ಸಿಗುತ್ತದೆ.

ಮೊದಲ 7 ಪೌಂಡ್: ಟೈಟಲ್ ರಿಜಿಸ್ಟರ್

ಎಲ್ಲೂ ಸಿಗಲಿಲ್ಲ ಅಂದರೆ ಲ್ಯಾಂಡ್ ರಿಜಿಸ್ಟ್ರಿಗೆ ಹೋಗಬೇಕು. ಹೋಗುವುದು ಅಂದರೆ ಕುರ್ಚಿಯಲ್ಲಿ ಕೂತೇ. ನೇರವಾಗಿ ಲೀಸನ್ನೇ ಕೇಳಿಬಿಡೋಣ ಅನ್ನಿಸುತ್ತದೆ, ಆದರೆ ಮೊದಲು ಟೈಟಲ್ ರಿಜಿಸ್ಟರ್, ಅಂದರೆ ನಿಮ್ಮ ಫ್ಲ್ಯಾಟಿನ ಮಾಲೀಕತ್ವದ ದಾಖಲೆ, ತರಿಸಿಕೊಳ್ಳಿ. ಲೀಸಿನ ಪ್ರತಿ ಅವರ ಹತ್ತಿರ ಇದೆಯೋ ಇಲ್ಲವೋ, ಇದ್ದರೆ ಯಾವ ನಂಬರಿನ ಕೆಳಗೆ ಇದೆ ಅನ್ನುವುದು ಗೊತ್ತಾಗುವುದು ಅದರಿಂದಲೇ. ಹೆಚ್ಚಿನವರು ಎಡವುವುದು ಈ ಮೆಟ್ಟಿಲನ್ನು ಬಿಟ್ಟು ಹಾರಿದಾಗ.

ಗೂಗಲ್‌ನಲ್ಲಿ ಹುಡುಕಿದರೆ ಮೇಲುಗಡೆ ಬರುವ ಜಾಹೀರಾತಿನ ಸೈಟುಗಳನ್ನು ನಂಬಬೇಡಿ. ಸರ್ಕಾರದ್ದೇ ಅನ್ನಿಸುವ ಬಣ್ಣ, ಸರ್ಕಾರದ್ದೇ ಅನ್ನಿಸುವ ಹೆಸರು ಇರುತ್ತದೆ. ಅದೇ ಕಾಗದಕ್ಕೆ ಮೂರು ನಾಲ್ಕು ಪಟ್ಟು ದುಡ್ಡು ಕೀಳುತ್ತಾರೆ. ಸರ್ಕಾರದ ಸೈಟಿನ ವಿಳಾಸದಲ್ಲಿ ಗವ್ ಡಾಟ್ ಯುಕೆ ಅಂತ ಇರಬೇಕು. ಅಲ್ಲಿ ಜಮೀನು ಮತ್ತು ಆಸ್ತಿಯ ಮಾಹಿತಿ ಹುಡುಕುವ ಸೇವೆ ಇದೆ. ಪೋಸ್ಟ್‌ಕೋಡ್ ಹಾಕಿ, ಫ್ಲ್ಯಾಟ್ ನಂಬರ್ ಹುಡುಕಿ, ಕಾರ್ಡಿನಲ್ಲಿ 7 ಪೌಂಡ್ ಕಟ್ಟಿದರೆ ರಿಜಿಸ್ಟರ್ ಪಿಡಿಎಫ್ ರೂಪದಲ್ಲಿ ಇಳಿಯುತ್ತದೆ. 2024ರ ಡಿಸೆಂಬರ್‌ವರೆಗೆ ಇದಕ್ಕೆ ಬರೀ 3 ಪೌಂಡ್ ಇತ್ತು. ಆದ್ದರಿಂದ ಕಟ್ಟುವ ಮುಂಚೆ ಅವತ್ತಿನ ದರ ನೋಡಿಕೊಳ್ಳಿ.

ಇಲ್ಲೊಂದು ಹುಷಾರು. ಒಂದೇ ವಿಳಾಸಕ್ಕೆ ಎರಡು ದಾಖಲೆ ಕಾಣಬಹುದು, ಒಂದು ಫ್ರೀಹೋಲ್ಡ್, ಇನ್ನೊಂದು ಲೀಸ್‌ಹೋಲ್ಡ್. ಫ್ರೀಹೋಲ್ಡ್ ಇಡೀ ಕಟ್ಟಡದ್ದು. ನಿಮ್ಮ ಫ್ಲ್ಯಾಟಿನದು ಲೀಸ್‌ಹೋಲ್ಡ್. ಅವಸರದಲ್ಲಿ ನಾನು ಫ್ರೀಹೋಲ್ಡ್ ಕೊಂಡು 7 ಪೌಂಡ್ ನೀರಿಗೆ ಹಾಕಿದೆ ಅಂದುಕೊಂಡೆ. ಆಮೇಲೆ ಅದೂ ಕೆಲಸಕ್ಕೆ ಬಂತು, ಅದನ್ನು ಮುಂದೆ ಹೇಳುತ್ತೇನೆ.

ಈಗ ಪಿಡಿಎಫ್ ತೆರೆಯಿರಿ. ಮೇಲೆ ಟೈಟಲ್ ನಂಬರ್ ಇರುತ್ತದೆ, ಒಂದೆರಡು ಅಕ್ಷರ, ಮುಂದೆ ಅಂಕಿ. ರೆಡಿಂಗ್ ಇರುವ ಜಿಲ್ಲೆ ಬರ್ಕ್‌ಶೈರ್ ಆದ್ದರಿಂದ ನಮ್ಮದು ‘ಬಿಕೆ’ ಅಂತ ಶುರುವಾಗುತ್ತದೆ. ಕೆಳಗೆ ಎ, ಬಿ, ಸಿ ಎಂದು ಮೂರು ಭಾಗ. ಎ ಭಾಗದಲ್ಲಿ ಆಸ್ತಿಯ ವಿವರ, ಬಿ ಭಾಗದಲ್ಲಿ ಮಾಲೀಕರ ಹೆಸರು, ಸಿ ಭಾಗದಲ್ಲಿ ಸಾಲ ಮತ್ತಿತರ ಹೊರೆಗಳು. ನಮಗೆ ಬೇಕಾದ್ದು ಎ ಭಾಗ. ಅಲ್ಲಿ ಲೀಸಿನ ಚುಟುಕು ವಿವರ ಹೀಗಿರುತ್ತದೆ: ಲೀಸಿನ ದಿನಾಂಕ, ಅವಧಿ, ಬಾಡಿಗೆ (ನೆಲಕ್ಕಾಗಿ ಫ್ರೀಹೋಲ್ಡರಿಗೆ ಕಟ್ಟುವ ಗ್ರೌಂಡ್ ರೆಂಟ್), ಯಾರಿಂದ ಯಾರಿಗೆ. ಅದರ ಕೆಳಗೆ ‘ನೋಟ್’ ಎಂದು ಒಂದು ಸಾಲು ಇದೆಯಾ ನೋಡಿ. ‘ಒರಿಜಿನಲ್ ಫೈಲ್ಡ್’ ಅಥವಾ ‘ಕಾಪಿ ಫೈಲ್ಡ್’ ಅಂತಿದ್ದರೆ ಅರ್ಧ ಗೆದ್ದಿರಿ. ‘ಕಾಪಿ ಫೈಲ್ಡ್ ಅಂಡರ್’ ಅಂದು ಮುಂದೆ ಇನ್ನೊಂದು ನಂಬರ್ ಇದ್ದರೆ ಆ ನಂಬರನ್ನು ಬರೆದಿಟ್ಟುಕೊಳ್ಳಿ. ಪ್ರತಿ ಇರುವುದು ನಿಮ್ಮ ನಂಬರಿನ ಕೆಳಗಲ್ಲ, ಅದರ ಕೆಳಗೆ. ಲೀಸಿನ ಪ್ರತಿ ರಿಜಿಸ್ಟ್ರಿಯ ಬಳಿ ಇಲ್ಲ ಅಂತಲೇ ಬರೆದಿದ್ದರೆ, ಅದಕ್ಕೂ ದಾರಿ ಇದೆ.

ದಿನಾಂಕದ ಬಗ್ಗೆ ಒಂದು ಮಾತು. ನಮ್ಮ ಲೀಸ್ 1988ರ ಸೆಪ್ಟೆಂಬರಿನದು. ಆದರೆ ಅವಧಿ ಲೆಕ್ಕ ಶುರುವಾಗುವುದು 1988ರ ಮಾರ್ಚ್ 25ರಿಂದ, 125 ವರ್ಷ. ಎರಡೂ ಬೇರೆ ಬೇರೆ. ಮಾರ್ಚ್ 25, ಜೂನ್ 24, ಸೆಪ್ಟೆಂಬರ್ 29, ಡಿಸೆಂಬರ್ 25, ಇವು ಇಲ್ಲಿನವರ ಹಳೇ ಕಾಲದ ಲೆಕ್ಕದ ದಿನಗಳು. ನಮ್ಮಲ್ಲಿ ಯುಗಾದಿಯಿಂದ ಯುಗಾದಿಗೆ ಗುತ್ತಿಗೆ ಮಾತಾಡುತ್ತಿದ್ದರಲ್ಲ, ಹಾಗೆ. ಅರ್ಜಿಯಲ್ಲಿ ಬೇಕಾಗುವುದು ಲೀಸಿನ ದಿನಾಂಕ, ಅವಧಿ ಶುರುವಾದ ದಿನ ಅಲ್ಲ.

ನೀವು ಮನೆ ಕೊಂಡ ದಿನವಂತೂ ಅಲ್ಲವೇ ಅಲ್ಲ. ಈ ತಪ್ಪು ಬಹಳ ಜನ ಮಾಡುತ್ತಾರೆ. ಲೀಸ್ ಪತ್ರ ಬರೆಯುವುದು ಸಾಮಾನ್ಯವಾಗಿ ಒಂದೇ ಸಲ, ಫ್ಲ್ಯಾಟ್ ಮೊದಲ ಬಾರಿ ಮಾರಾಟ ಆದಾಗ. ಆಮೇಲೆ ಕೊಂಡವರೆಲ್ಲ ಅದೇ ಪತ್ರವನ್ನು ಮುಂದುವರಿಸುತ್ತಾರೆ. ಹಾಗಾಗಿ ಲೀಸಿನಲ್ಲಿ ನಿಮ್ಮ ಹೆಸರು ಇರುವುದಿಲ್ಲ, ನೀವು ಯಾವತ್ತೂ ಕೇಳಿರದ ಯಾರದೋ ಹೆಸರು ಇರುತ್ತದೆ. ಗಾಬರಿ ಆಗಬೇಡಿ. ನಿಮ್ಮ ಹೆಸರು ಬಿ ಭಾಗದಲ್ಲಿ ಇದ್ದರೆ ಸಾಕು.

ಓಸಿ2 ಅರ್ಜಿ

ರಿಜಿಸ್ಟರ್ ಆನ್‌ಲೈನ್‌ನಲ್ಲಿ ಸಿಕ್ಕಿತು, ಲೀಸೂ ಹಾಗೇ ಸಿಗುತ್ತದೆ ಅಂದುಕೊಂಡಿದ್ದೆ. ಇಲ್ಲ. ಸಾಲಿಸಿಟರುಗಳಿಗೆ ಅವರದೇ ಪೋರ್ಟಲ್ ಇದೆ, ಅವರು ಅಲ್ಲಿಂದ 7 ಪೌಂಡಿಗೆ ತೆಗೆಯುತ್ತಾರೆ. ನಮ್ಮಂಥ ಸಾಮಾನ್ಯರು ಓಸಿ2 ಅನ್ನುವ ಅರ್ಜಿ ತುಂಬಿ ಅಂಚೆಯಲ್ಲಿ ಕಳಿಸಬೇಕು. ಶುಲ್ಕ ಒಂದು ದಾಖಲೆಗೆ 11 ಪೌಂಡ್. ಅರ್ಜಿ ಗವ್ ಡಾಟ್ ಯುಕೆಯಲ್ಲಿ ಪುಕ್ಕಟೆ ಸಿಗುತ್ತದೆ.

ಅರ್ಜಿ ಸಣ್ಣದು, ಊರಿನ ಫಾರಂಗಳ ಮುಂದೆ ಏನೂ ಅಲ್ಲ. ಫ್ಲ್ಯಾಟಿನ ವಿಳಾಸ, ಟೈಟಲ್ ನಂಬರ್, ಯಾವ ಕೌನ್ಸಿಲ್ ವ್ಯಾಪ್ತಿ, ನಿಮ್ಮ ಹೆಸರು, ವಿಳಾಸ ಬರೆಯಬೇಕು. ಮುಖ್ಯವಾದ್ದು ದಾಖಲೆಯ ವಿವರ ಬರೆಯುವ ಜಾಗ. ಯಾವ ತರಹದ ದಾಖಲೆ ಅನ್ನುವಲ್ಲಿ ಇಂಗ್ಲಿಷಿನಲ್ಲಿ ‘ಲೀಸ್’ ಅಂತ ಬರೆಯಿರಿ. ಪಕ್ಕದಲ್ಲಿ ದಿನಾಂಕ, ರಿಜಿಸ್ಟರಿನಲ್ಲಿ ಇದ್ದಂತೆಯೇ. ಅದರ ಪಕ್ಕದಲ್ಲಿ ಯಾವ ಟೈಟಲ್ ನಂಬರಿನ ಕೆಳಗೆ ಫೈಲ್ ಆಗಿದೆ ಅನ್ನುವುದು. ಆಗ ಬರೆದಿಟ್ಟುಕೊಳ್ಳಿ ಅಂದೆನಲ್ಲ, ಆ ನಂಬರ್ ಇಲ್ಲಿಗೆ. ಸುಮ್ನೆ ‘ನನ್ನ ಮನೆಯ ಪತ್ರಗಳನ್ನೆಲ್ಲ ಕಳಿಸಿ’ ಅಂತ ಬರೆದರೆ ಒಂದೋ ಅರ್ಜಿ ವಾಪಸ್ ಬರುತ್ತದೆ, ಇಲ್ಲ ಬೇಡದ ಕಾಗದಕ್ಕೆ ದುಡ್ಡು ಹೋಗುತ್ತದೆ.

ಶುಲ್ಕಕ್ಕೆ ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿ ಹೆಸರಿಗೆ ಚೆಕ್ ಬರೆಯಬೇಕು. ಮನೆಯಲ್ಲಿ ಚೆಕ್‌ಬುಕ್ ಎಲ್ಲಿದೆ ಅಂತ ಹುಡುಕುವುದೇ ಒಂದು ಕೆಲಸ. ನಾನು ಪೋಸ್ಟ್ ಆಫೀಸಿಗೆ ಹೋಗಿ ಪೋಸ್ಟಲ್ ಆರ್ಡರ್ ತಂದೆ. ಕೌಂಟರಿನ ಹುಡುಗಿ ಅದರ ಪುಸ್ತಕ ಎಲ್ಲಿದೆ ಅಂತ ಒಳಗಿನವರನ್ನು ಕೇಳಿಕೊಂಡು ಬಂದಳು. ಎಲ್ಲವನ್ನೂ ಲಕೋಟೆಗೆ ಹಾಕಿ, ಅರ್ಜಿಯ ಜೊತೆ ಕೊಟ್ಟಿರುವ ವಿಳಾಸಕ್ಕೆ ಕಳಿಸಿದೆ. ಅರ್ಜಿಯ ಫೋಟೋ ಒಂದು ತೆಗೆದಿಟ್ಟುಕೊಳ್ಳಿ.

ಗುರುತಿನ ಚೀಟಿ ಕೇಳಲಿಲ್ಲವಲ್ಲ ಅಂತ ಅನುಮಾನ ಬರಬಹುದು. ಕೇಳುವುದಿಲ್ಲ. ಯಾಕೆಂದರೆ ಇದು ಸಾರ್ವಜನಿಕ ದಾಖಲೆ. 1990ರ ಡಿಸೆಂಬರಿನಿಂದ ರಿಜಿಸ್ಟರನ್ನು ಯಾರು ಬೇಕಾದರೂ ನೋಡಬಹುದು. ಯಾರದೋ ಲೀಸಿನ ಪ್ರತಿಯನ್ನು ಯಾರೋ ತರಿಸಿಕೊಳ್ಳಬಹುದು. ನಿಮ್ಮ ಪಕ್ಕದ ಮನೆಯವರದ್ದನ್ನು ನೀವು, ನಿಮ್ಮದನ್ನು ಅವರು. ನಮ್ಮ ಊರಿನವರಿಗೆ ಇದು ಅರಗುವುದು ಸ್ವಲ್ಪ ಕಷ್ಟ.

ಎರಡು ವಾರದಲ್ಲಿ ದಪ್ಪ ಲಕೋಟೆ ಬಂತು. ಇದಕ್ಕೆ ಅಫಿಷಿಯಲ್ ಕಾಪಿ ಅನ್ನುತ್ತಾರೆ. ಕೋರ್ಟಿನಲ್ಲಿ ಮೂಲದಷ್ಟೇ ನಡೆಯುತ್ತದೆ. ಆನ್‌ಲೈನ್‌ನಲ್ಲಿ ಇಳಿಸಿಕೊಂಡ ರಿಜಿಸ್ಟರಿಗೆ ಆ ಬೆಲೆ ಇಲ್ಲ, ಅದು ನಮ್ಮ ಮಾಹಿತಿಗೆ ಮಾತ್ರ. ರಿಜಿಸ್ಟರಿನದ್ದೂ ಅಫಿಷಿಯಲ್ ಕಾಪಿ ಬೇಕಿದ್ದರೆ ಅದಕ್ಕೆ ಓಸಿ1 ಅನ್ನುವ ಬೇರೆ ಅರ್ಜಿ ಇದೆ.

ಬಂದದ್ದು ಪೂರ್ತಿ ಬಂದಿದೆಯಾ?

ಲಕೋಟೆ ಒಡೆದ ಖುಷಿಯಲ್ಲಿ ಬೀರುವಿಗೆ ಹಾಕಬೇಡಿ. ಕೂತು ಪುಟ ಎಣಿಸಿ. ಮೊದಲ ನೋಟ ನಕ್ಷೆಯ ಮೇಲೆ ಇರಲಿ. ಲೀಸಿನಲ್ಲಿ ‘ನಕ್ಷೆಯಲ್ಲಿ ಕೆಂಪು ಗೆರೆ ಹಾಕಿದ ಭಾಗ’, ‘ನೀಲಿ ಬಣ್ಣ ಬಳಿದ ಪಾರ್ಕಿಂಗ್’ ಅಂತೆಲ್ಲ ಬರೆದಿರುತ್ತದೆ. ಹಳೆಯ ಪ್ರತಿ ಕಪ್ಪು-ಬಿಳುಪಿನಲ್ಲಿದ್ದರೆ ಕೆಂಪೂ ಒಂದೇ, ನೀಲಿಯೂ ಒಂದೇ, ಎಲ್ಲ ಬೂದು. ಪಾರ್ಕಿಂಗ್ ಜಾಗದ ಮೇಲೆ ಜಗಳ ಇದ್ದರೆ ಆ ಬೂದು ನಕ್ಷೆ ಉಪಯೋಗಕ್ಕೆ ಬಾರದು. ಆಗ ಫ್ರೀಹೋಲ್ಡರ್ ಹತ್ತಿರ ಇರುವ ಬಣ್ಣದ ನಕ್ಷೆಯನ್ನು ನೋಡಬೇಕಾಗುತ್ತದೆ.

ಎರಡನೆಯದು, ಲೀಸ್ ಒಂದೇನಾ ಅಥವಾ ಅದಕ್ಕೆ ಬಾಲ ಇದೆಯಾ? ರಿಜಿಸ್ಟರಿನಲ್ಲಿ ‘ಡೀಡ್ ಆಫ್ ವೇರಿಯೇಷನ್’ ಅನ್ನುವ ಪದ ಕಂಡರೆ ನಡುವೆ ಯಾರೋ ಕಲಮುಗಳನ್ನು ತಿದ್ದಿದ್ದಾರೆ ಅಂತ ಅರ್ಥ. ಆ ತಿದ್ದುಪಡಿ ಪತ್ರ ಬೇರೆ ದಾಖಲೆ, ಅದಕ್ಕೆ ಇನ್ನೊಂದು 11 ಪೌಂಡ್. ಅದಿಲ್ಲದೆ ಹಳೇ ಲೀಸ್ ಓದಿದರೆ ರದ್ದಾದ ಕಲಮನ್ನೇ ಹಿಡಿದು ವಾದ ಮಾಡಿದಂತೆ ಆಗುತ್ತದೆ.

ಮೂರನೆಯದರಲ್ಲಿ ಜಾಸ್ತಿ ಜನ ಸಿಕ್ಕಿಬೀಳುತ್ತಾರೆ. ಹಿಂದಿನ ಮಾಲೀಕರು ಲೀಸ್ ವಿಸ್ತರಿಸಿದ್ದರೆ, ಕಾಗದದ ಮೇಲೆ ಅದು ವಿಸ್ತರಣೆ ಅಲ್ಲ. ಹಳೇ ಲೀಸನ್ನು ಬಿಟ್ಟುಕೊಟ್ಟು ಹೊಸ ಲೀಸ್ ಬರೆಸಿಕೊಂಡದ್ದು. ಟೈಟಲ್ ನಂಬರ್ ಕೂಡ ಹೊಸದು. ನೀವು ತರಿಸಿದ ಹೊಸ ಲೀಸ್ ನೋಡಿದರೆ ಏಳೆಂಟು ಪುಟ ಅಷ್ಟೇ. ವರ್ಷ ಇಷ್ಟು, ಬಾಡಿಗೆ ಒಂದು ಮೆಣಸಿನ ಕಾಳು, ಮಿಕ್ಕಿದ್ದೆಲ್ಲ ಹಳೇ ಲೀಸಿನಲ್ಲಿ ಇದ್ದ ಹಾಗೆ ಅಂತ ಬರೆದು ಕೈ ತೊಳೆದುಕೊಂಡಿರುತ್ತಾರೆ. ಮೆಣಸಿನ ಕಾಳು ತಮಾಷೆ ಅಲ್ಲ. ಬಾಡಿಗೆ ಇಲ್ಲ ಅನ್ನುವುದನ್ನು ಇಂಗ್ಲಿಷ್ ಕಾನೂನು ಹೇಳುವುದೇ ಹಾಗೆ. 2022ರ ಜೂನ್ 30ರ ನಂತರ ಬರೆದ ಬಹುತೇಕ ಹೊಸ ಲೀಸುಗಳಲ್ಲೂ ಗ್ರೌಂಡ್ ರೆಂಟ್ ಅಷ್ಟೇ ಇರಬೇಕು. ನಾಯಿ, ನೆಲ, ಕಿಟಕಿಯ ನಿಯಮವೆಲ್ಲ ಇರುವುದು ಹಳೇ ಲೀಸಿನಲ್ಲಿ. ಹಾಗಾಗಿ ಮುಚ್ಚಿದ ಹಳೇ ಟೈಟಲ್ ನಂಬರ್ ಹಾಕಿ ಅದನ್ನೂ ತರಿಸಬೇಕು.

ನಿಮ್ಮ ಲೀಸ್ 2006ರ ಜೂನ್ 19ರ ಈಚೆಗಿನದಾದರೆ ಓದುವುದು ಸುಲಭ. ಅಲ್ಲಿಂದ ಮುಂದೆ ಮೊದಲ ಪುಟಗಳಲ್ಲಿ ಎಲ್‌ಆರ್1ರಿಂದ ಎಲ್‌ಆರ್14ರವರೆಗೆ ಒಂದು ಪಟ್ಟಿ ಇರಲೇಬೇಕು ಅಂತ ನಿಯಮ ಬಂತು. ದಿನಾಂಕ, ಎರಡೂ ಕಡೆಯವರು, ಆಸ್ತಿ, ಅವಧಿ ಎಲ್ಲ ಅಲ್ಲೇ ಸಿಗುತ್ತದೆ. ಅದಕ್ಕೂ ಹಳೆಯದಾದರೆ ಒಂದೂವರೆ ಪುಟಕ್ಕೆ ಒಂದೇ ವಾಕ್ಯ, ನಡುವೆ ಅಲ್ಪವಿರಾಮವೂ ಇಲ್ಲ. ಪೆನ್ಸಿಲ್ ಹಿಡಿದು ಗೆರೆ ಎಳೆಯುತ್ತಾ ಓದಿ.

ಹಾಗೆಯೇ ಉಳಿದ ವರ್ಷವನ್ನೂ ಲೆಕ್ಕ ಹಾಕಿಬಿಡಿ. 80ಕ್ಕಿಂತ ಕೆಳಗೆ ಇಳಿದರೆ ವಿಸ್ತರಣೆ ದುಬಾರಿ ಆಗುತ್ತದೆ ಅನ್ನುವುದು ಇಲ್ಲಿ ಬಹಳ ವರ್ಷದಿಂದ ನಡೆದುಬಂದ ಲೆಕ್ಕ. 83, 84 ಅಂತ ಬಂದರೆ ಪತ್ರವನ್ನು ಬೀರುವಿಗೆ ಹಾಕದೆ ಮೇಜಿನ ಮೇಲೇ ಇಟ್ಟುಕೊಳ್ಳಿ.

ರಿಜಿಸ್ಟ್ರಿಯಲ್ಲಿ ಪ್ರತಿ ಇಲ್ಲ ಅಂದರೆ

ಲೀಸನ್ನು ಎರಡು ಪ್ರತಿಯಾಗಿ ಬರೆಯುತ್ತಾರೆ. ಒಂದು ಕೊಂಡವರಿಗೆ. ಇನ್ನೊಂದಕ್ಕೆ ಕೌಂಟರ್‌ಪಾರ್ಟ್ ಅನ್ನುತ್ತಾರೆ, ಕೊಂಡವರ ಸಹಿ ಹಾಕಿಸಿ ಫ್ರೀಹೋಲ್ಡರ್ ಇಟ್ಟುಕೊಳ್ಳುತ್ತಾರೆ. ನಿಮ್ಮದು ಕಳೆದು, ರಿಜಿಸ್ಟ್ರಿಯಲ್ಲೂ ಇಲ್ಲದಿದ್ದರೆ ಆ ಜೋಡಿ ಪ್ರತಿಯೇ ಗತಿ.

ಫ್ರೀಹೋಲ್ಡರ್ ಯಾರು ಅಂತ ಗೊತ್ತಿಲ್ಲವೇ? ಗ್ರೌಂಡ್ ರೆಂಟ್ ಅಥವಾ ಸರ್ವಿಸ್ ಚಾರ್ಜ್ ವಸೂಲಿ ಮಾಡುವ ಏಜೆಂಟಿಗೆ ಬರಹದಲ್ಲಿ ಕೇಳಿ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 1ನೇ ಸೆಕ್ಷನ್ ಪ್ರಕಾರ 21 ದಿನದೊಳಗೆ ಹೆಸರು, ವಿಳಾಸ ಕೊಡಬೇಕು. ಸರಿಯಾದ ಕಾರಣ ಇಲ್ಲದೆ ಕೊಡದಿದ್ದರೆ ಅಪರಾಧ. ಪತ್ರದಲ್ಲಿ ಸೆಕ್ಷನ್ ನಂಬರ್ ಬರೆಯಿರಿ, ಉತ್ತರ ಬರುವ ವೇಗವೇ ಬದಲಾಗುತ್ತದೆ. ಇನ್ನೊಂದು ದಾರಿ, ನಾನು ತಪ್ಪಿ ಕೊಂಡೆ ಅಂದೆನಲ್ಲ, ಆ ಫ್ರೀಹೋಲ್ಡ್ ರಿಜಿಸ್ಟರ್. ಅದರ ಬಿ ಭಾಗದಲ್ಲಿ ಫ್ರೀಹೋಲ್ಡರ್ ಹೆಸರು, ವಿಳಾಸ ಇರುತ್ತದೆ. ಸಿ ಭಾಗದಲ್ಲಿ ಆ ಕಟ್ಟಡದ ಲೀಸುಗಳ ಪಟ್ಟಿಯೇ ಸಿಕ್ಕಿತು, ಯಾವ ಫ್ಲ್ಯಾಟಿಗೆ ಯಾವ ದಿನಾಂಕದ ಲೀಸು, ಎಷ್ಟು ವರ್ಷ ಅಂತ.

ಆ ಪಟ್ಟಿ ಇಟ್ಟುಕೊಂಡು ಪಕ್ಕದ ಫ್ಲ್ಯಾಟಿನ ಲೀಸ್ ತರಿಸಬಹುದು. ಒಂದೇ ಕಟ್ಟಡ, ಒಂದೇ ಬಿಲ್ಡರ್ ಆದ್ದರಿಂದ ಕಲಮುಗಳು ಬಹುಪಾಲು ಒಂದೇ ತರಹ ಇರುತ್ತವೆ. ಹಾಗೆಂದು ಅದನ್ನು ನಿಮ್ಮದೇ ಲೀಸ್ ಅಂತ ಎಲ್ಲೂ ತೋರಿಸಲಾಗದು. ನೆಲ ಅಂತಸ್ತಿನವರಿಗೆ ತೋಟ ಸೇರಿರುತ್ತದೆ, ಮೇಲಿನವರಿಗೆ ಅಟ್ಟ ಸೇರಿರಬಹುದು, ಸರ್ವಿಸ್ ಚಾರ್ಜಿನ ಪಾಲು ಬೇರೆ ಇರಬಹುದು. ಅಂದಾಜಿಗೆ ಸಾಕು, ಅಷ್ಟೇ.

‘ಷೇರ್ ಆಫ್ ಫ್ರೀಹೋಲ್ಡ್’ ಇರುವವರು ನಮಗೆ ಲೀಸೇ ಇಲ್ಲ ಅಂದುಕೊಂಡಿರುತ್ತಾರೆ. ಇದೆ. ಫ್ಲ್ಯಾಟಿನವರೆಲ್ಲ ಸೇರಿ ಕಂಪನಿ ಮಾಡಿಕೊಂಡು ಫ್ರೀಹೋಲ್ಡ್ ಕೊಂಡಿದ್ದರೂ ಒಬ್ಬೊಬ್ಬರ ಫ್ಲ್ಯಾಟಿನ ಲೀಸ್ ಸಾಮಾನ್ಯವಾಗಿ ಹಾಗೇ ಇರುತ್ತದೆ. ಒಂದು ಅನುಕೂಲ ಅಂದರೆ ಕೌಂಟರ್‌ಪಾರ್ಟ್ ಇರುವುದು ನಿಮ್ಮದೇ ಕಂಪನಿಯ ಕಡತದಲ್ಲಿ. ಮೂರನೇ ಅಂತಸ್ತಿನಲ್ಲಿ ಲೆಕ್ಕ ನೋಡಿಕೊಳ್ಳುವ ನಿವೃತ್ತ ಅಜ್ಜ ಒಬ್ಬರು ಇರುತ್ತಾರಲ್ಲ, ಅವರ ಮನೆ ಬಾಗಿಲು ತಟ್ಟಿ.

ಇದ್ಯಾವುದೂ ಆಗಲಿಲ್ಲ ಅಂದರೆ ಮಾತ್ರ ವಕೀಲರು ಬೇಕು. ಅದಕ್ಕೂ ಮೊದಲು ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್‌ಗೆ ಒಮ್ಮೆ ಕೇಳಿ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಂಸ್ಥೆ, ಇಂಗ್ಲೆಂಡ್ ಮತ್ತು ವೇಲ್ಸ್‌ನ ಲೀಸ್‌ಹೋಲ್ಡರುಗಳಿಗೆ ಸಲಹೆ ಪುಕ್ಕಟೆ. ಸ್ಕಾಟ್ಲೆಂಡಿನಲ್ಲಿ ಫ್ಲ್ಯಾಟ್ ಕೊಂಡವರಿಗೆ ಈ ತಲೆಬಿಸಿ ಇಲ್ಲ, ಅಲ್ಲಿ ಫ್ಲ್ಯಾಟುಗಳು ಸಾಮಾನ್ಯವಾಗಿ ಪೂರ್ತಿ ಸ್ವಂತ, ದಾಖಲೆಯ ಕಚೇರಿಯೂ ಬೇರೆ.

ಊರಿಗೆ ವಾಪಸ್ ಹೋದವರಿಗೆ

ಹತ್ತು ವರ್ಷ ಇಲ್ಲಿ ಕೆಲಸ ಮಾಡಿ, ಫ್ಲ್ಯಾಟ್ ಬಾಡಿಗೆಗೆ ಕೊಟ್ಟು, ಬೆಂಗಳೂರಿಗೆ ಹೋಗಿ ನೆಲೆಸಿದವರು ನಮ್ಮ ಗೆಳೆಯರಲ್ಲೇ ಮೂರು ಮನೆಯವರು ಇದ್ದಾರೆ. ಅವರಿಗೆ ಲೀಸ್ ಬೇಕಾದರೆ ಚೆಕ್ ಎಲ್ಲಿಂದ ತರುವುದು? ಉಪಾಯ ಸುಲಭ. ದಾಖಲೆ ಸಾರ್ವಜನಿಕ ಆದ್ದರಿಂದ ಇಲ್ಲಿರುವ ನೆಂಟರೋ ಗೆಳೆಯರೋ ತಮ್ಮ ಹೆಸರಿನಲ್ಲೇ ಓಸಿ2 ಕಳಿಸಿ, ಬಂದದ್ದನ್ನು ಸ್ಕ್ಯಾನ್ ಮಾಡಿ ಕಳಿಸಬಹುದು. ಪವರ್ ಆಫ್ ಅಟಾರ್ನಿ ಗಿಟಾರ್ನಿ ಏನೂ ಬೇಡ.

ಆದರೆ ಯಾರು ಬೇಕಾದರೂ ನೋಡಬಹುದು ಅನ್ನುವುದಕ್ಕೆ ಇನ್ನೊಂದು ಮಗ್ಗುಲೂ ಇದೆ. ಮಾಲೀಕರು ದೂರ ಇದ್ದಾರೆ ಅಂತ ಗೊತ್ತಾದರೆ ಅವರ ಹೆಸರಿನಲ್ಲಿ ಮೋಸ ಮಾಡುವವರೂ ಇದ್ದಾರೆ. ಹೇಗೂ ರಿಜಿಸ್ಟರ್ ತೆರೆದಿದ್ದೀರಿ, ಬಿ ಭಾಗದಲ್ಲಿ ನಿಮ್ಮ ವಿಳಾಸ ಯಾವುದಿದೆ ನೋಡಿ. ಬಾಡಿಗೆಯವರು ಇರುವ ಫ್ಲ್ಯಾಟಿನ ವಿಳಾಸವೇ ಇದ್ದರೆ ರಿಜಿಸ್ಟ್ರಿಯ ಪತ್ರ ಅವರ ಕಸದ ಬುಟ್ಟಿ ಸೇರುತ್ತದೆ. ಸಿಒಜಿ1 ಅನ್ನುವ ಅರ್ಜಿ ಹಾಕಿದರೆ ಮೂರು ವಿಳಾಸದವರೆಗೆ ಕೊಡಬಹುದು. ಒಂದು ಬೆಂಗಳೂರಿನದು, ಒಂದು ಇಮೇಲ್ ಇರಲಿ. ಅದಕ್ಕೆ ಶುಲ್ಕ ಇಲ್ಲ. ಪ್ರಾಪರ್ಟಿ ಅಲರ್ಟ್ ಅನ್ನುವ ಸೇವೆಯೂ ಪುಕ್ಕಟೆ. ಹೆಸರು ಹಚ್ಚಿಟ್ಟರೆ ನಿಮ್ಮ ಫ್ಲ್ಯಾಟಿನ ದಾಖಲೆಯ ಮೇಲೆ ಯಾರಾದರೂ ಕೈ ಹಾಕಿದಾಗ ಇಮೇಲ್ ಬರುತ್ತದೆ. ಹತ್ತು ಆಸ್ತಿಯವರೆಗೆ ಹಾಕಬಹುದಂತೆ, ನಮಗೆ ಒಂದೇ ಸಾಕಾಗಿದೆ.

ಕಿಟಕಿ ಏನಾಯಿತು

ಲಕೋಟೆ ಬಂದ ರಾತ್ರಿ ಊಟದ ಮೇಜಿನ ಮೇಲೆ ಲೀಸ್ ಹರಡಿಕೊಂಡು ಕೂತೆ. ಟೈಪ್‌ರೈಟರಿನಲ್ಲಿ ಹೊಡೆದದ್ದು, ಅಲ್ಲಲ್ಲಿ ಅಕ್ಷರ ಒರೆಸಿ ಮೇಲೆ ಹೊಡೆದಿದ್ದರು. 11ನೇ ಪುಟದಲ್ಲಿ ಫ್ಲ್ಯಾಟ್ ಅಂದರೆ ಏನೇನು ಅನ್ನುವ ವಿವರಣೆ ಸಿಕ್ಕಿತು. ಒಳಗಿನ ಗೋಡೆಗಳ ಗಾರೆ ನಮ್ಮದು. ನೆಲದ ಹಲಗೆ ನಮ್ಮದು. ಬಾಗಿಲುಗಳು ನಮ್ಮವು. ಕಿಟಕಿಯ ಗಾಜು ನಮ್ಮದು. ಆಮೇಲೆ ಆವರಣದಲ್ಲಿ ಒಂದು ಸಣ್ಣ ಸಾಲು: ಕಿಟಕಿಯ ಚೌಕಟ್ಟು ಬಿಟ್ಟು.

ಮೂರು ಸಲ ಓದಿದೆ. ಗಾಜು ನಮ್ಮದು, ಅದನ್ನು ಹಿಡಿದುಕೊಂಡಿರುವ ಮರ ಅವರದು. ಆ ಪುಟದ ಫೋಟೋ ತೆಗೆದು, ಸಾಲಿನ ಕೆಳಗೆ ಗೆರೆ ಎಳೆದು ಏಜೆಂಟಿಗೆ ಕಳಿಸಿದೆ. ಬೇರೆ ಏನೂ ಬರೆಯಲಿಲ್ಲ. ಒಂಬತ್ತು ದಿನ ಸುದ್ದಿ ಇರಲಿಲ್ಲ. ಹತ್ತನೇ ದಿನ ಬಡಗಿಯೊಬ್ಬ ಬಂದು ಅಳತೆ ತೆಗೆದುಕೊಂಡು ಹೋದ. ತಿಂಗಳೊಳಗೆ ಹೊಸ ಚೌಕಟ್ಟು ಬಂತು, ಬಿಳಿ ಬಣ್ಣ ಹೊಡೆದರು.

ಮುಂದಿನ ಸರ್ವಿಸ್ ಚಾರ್ಜ್ ಬಿಲ್ಲಿನಲ್ಲಿ ಆ ಚೌಕಟ್ಟಿನ ಖರ್ಚು 18 ಫ್ಲ್ಯಾಟಿಗೂ ಹಂಚಿಕೊಂಡು ಬಂತು. ಹಾಗೆ ಹಂಚಬಹುದಾ ಅಂತ ಲೀಸ್ ತೆಗೆದು ನೋಡಿದೆ. 26ನೇ ಪುಟದಲ್ಲಿ ಇತ್ತು, ಹಂಚಬಹುದು. ನಮ್ಮ ಪಾಲು ಕಟ್ಟಿದೆ.